ಕೂಗಿದ ಬೆಲೆಯ ಋಣ

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತಿನಲ್ಲಿ ಹೊಕ್ಕವನಿಗೆ ಮೊದಲು ಎದುರಾಗುವುದು ಗೂಡಿನ ವಾಸನೆ. ಅದಕ್ಕೆ ಮೂಗು ಒಗ್ಗಿದ ಮೇಲೆ ಕಣ್ಣಿಗೆ ಬೀಳುವವನು, ಜಾಲರಿಗಳಲ್ಲಿ ಹರವಿದ ಬಿಳಿಯ ಮತ್ತು ಹಳದಿಯ ರಾಶಿಗಳ ನಡುವೆ ಬಗ್ಗಿ, ತಳದಿಂದ ಒಂದು ಹಿಡಿ ಗೂಡನ್ನು ಮೇಲಕ್ಕೆತ್ತಿ, ಅದರಲ್ಲೊಂದನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಹುಳು ಕೋಶವಾಗಿ ತಿರುಗಿದೆಯೋ ಇನ್ನೂ ಹಸಿಯಾಗಿಯೇ ಉಳಿದಿದೆಯೋ ಎಂಬುದನ್ನು ಸದ್ದಿನಿಂದಲೇ ನಿರ್ಣಯಿಸಿ, ಮುಖದಲ್ಲಿ ಯಾವ ಭಾವವನ್ನೂ ತೋರಗೊಡದೆ ಮೊಬೈಲನ್ನು ತೆಗೆದು ಅಂಕಿಯೊಂದನ್ನು ಒತ್ತುವ ರೀಲರು, ಅಂದರೆ ಗೂಡಿನಿಂದ ನೂಲು ತೆಗೆಯುವವನು. ಹಿಂದೆ ಇದೇ ಹಜಾರದಲ್ಲಿ ಸವಾಲನ್ನು ಬಾಯಿಬಿಟ್ಟು ಕೂಗುತ್ತಿದ್ದರು. ಕೂಗಿದವನಾರು, ಎಷ್ಟಕ್ಕೆ ಕೂಗಿದನು ಎಂಬುದಕ್ಕೆ ಸುತ್ತ ನೆರೆದ ಜನವೇ ಸಾಕ್ಷಿಯಾಗಿತ್ತು. ಈಗ ಆ ಕೂಗು ಬೆರಳ ತುದಿಗೆ ಇಳಿದಿದೆ. ಆದರೆ ಬಾಯಿಂದ ಹೊರಟ ಬೆಲೆಗೂ ಬೆರಳಿನಿಂದ ಹೊರಟ ಬೆಲೆಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲವೆಂಬುದನ್ನು ಚಿಕ್ಕಬಳ್ಳಾಪುರ ಸೀಮೆಯ ರೈತನೂ ರೀಲರೂ ವರ್ತಕನೂ ಸ್ಪಷ್ಟವಾಗಿ ಅರಿತಿರಬೇಕಾದ ಕಾಲ ಬಂದಿರುವುದರಿಂದ, ಗೆದ್ದ ಹರಾಜಿನಿಂದ ಹಿಂದೆ ಸರಿದವನಿಗೆ ಏನಾಗುವುದೆಂಬ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸಿದ್ದೇನೆ.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 10ಎ ಕಲಂ, ವಿದ್ಯುನ್ಮಾನ ರೂಪದಲ್ಲಿ ನಡೆಯಿತೆಂಬ ಒಂದೇ ಕಾರಣದಿಂದ ಯಾವ ಕರಾರೂ ಅಸಿಂಧುವಾಗದೆಂದು ವಿಧಿಸುತ್ತದೆ. ಆದುದರಿಂದ, ‘ಕಾಗದವೇ ಇಲ್ಲ, ರುಜುವೇ ಇಲ್ಲ’ ಎಂಬ ಹಳೆಯ ವಾದಕ್ಕೆ ಇನ್ನು ಎಡೆಯಿಲ್ಲ. ಉಳಿಯುವ ಮುಖ್ಯ ಪ್ರಶ್ನೆಯೊಂದೇ: ಮಾತು ಕರಾರಾಗಿ ಗಟ್ಟಿಯಾದ ಗಳಿಗೆ ಯಾವುದು?

ಈ ಪ್ರಶ್ನೆಗೆ ಉತ್ತರವು ಎರಡು ಶತಮಾನಗಳಿಗಿಂತಲೂ ಹಳೆಯದು. 1789ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯವೊಂದರಲ್ಲಿ, ಮದ್ಯ ಬಟ್ಟಿಯಿಳಿಸುವ ಸಲಕರಣೆಗೆ 40 ಪೌಂಡು ಕೂಗಿದ್ದವನೊಬ್ಬನು ಹರಾಜುಗಾರನ ಸುತ್ತಿಗೆ ಮೇಜಿಗೆ ಬೀಳುವ ಮುನ್ನವೇ ತನ್ನ ಮಾತನ್ನು ಹಿಂದೆಗೆದುಕೊಂಡಿದ್ದನು. ಸವಾಲೆಂಬುದು ಕೊಳ್ಳುವವನು ಮುಂದಿಡುವ ಪ್ರಸ್ತಾವ ಮಾತ್ರ, ಸುತ್ತಿಗೆಯ ಪೆಟ್ಟೇ ಅದಕ್ಕೆ ಮಾರುವವನ ಒಪ್ಪಿಗೆ, ಒಪ್ಪಿಗೆ ಬೀಳುವ ತನಕ ಪ್ರಸ್ತಾವವನ್ನು ಹಿಂದೆಗೆದುಕೊಳ್ಳುವ ಸ್ವಾತಂತ್ರ್ಯವುಂಟು ಎಂದು ನ್ಯಾಯಾಧೀಶರು ತೀರ್ಪಿತ್ತರು. ನಮ್ಮ 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನಲ್ಲಿ ಇದೇ ತತ್ತ್ವ ಅಡಕವಾಗಿದೆ. ಸುತ್ತಿಗೆಯ ಪೆಟ್ಟಿನಿಂದಾಗಲಿ, ಆಯಾ ಸ್ಥಳದ ರೂಢಿಗೆ ತಕ್ಕ ಬೇರೆ ವಿಧಾನದಿಂದಾಗಲಿ ಮಾರಾಟವು ಮುಗಿಯಿತೆಂದು ಹರಾಜುಗಾರನು ಸಾರಿದಾಗ ಅದು ಪೂರ್ಣವಾಗುವುದು. ಅಲ್ಲಿಯವರೆಗೆ ಸವಾಲುಗಾರನು ತನ್ನ ಸವಾಲನ್ನು ಹಿಂದಕ್ಕೆ ಪಡೆಯಬಹುದು.

‘ರೂಢಿಗೆ ತಕ್ಕ ಬೇರೆ ವಿಧಾನ’ ಎಂಬ ಈ ಮಾತಿನಲ್ಲಿಯೇ ನಮ್ಮ ಮಾರುಕಟ್ಟೆಗಳ ರಹಸ್ಯವಿದೆ. ಗೂಡಿನ ಹರಾಜಿನಲ್ಲಿ ನಿಗದಿತ ವೇಳೆ ಮುಗಿದು ಅತ್ಯಧಿಕ ಬೆಲೆ ಗೊತ್ತಾದ ಮಾತ್ರಕ್ಕೆ ಲಾಟು ಮಾರಾಟವಾಗಿಬಿಡುವುದಿಲ್ಲ. ಆ ಬೆಲೆ ತನಗೆ ಸಮ್ಮತವೋ ಅಲ್ಲವೋ ಎಂದು ಹೇಳುವ ಹಕ್ಕು ರೈತನಿಗಿದೆ. ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ 2014ರಿಂದ ರಾಜ್ಯ ಹಬ್ಬಿಸುತ್ತ ಬಂದಿರುವ ಏಕೀಕೃತ ಮಾರುಕಟ್ಟೆಯ ಆನ್‌ಲೈನ್ ವ್ಯವಸ್ಥೆಯಲ್ಲಿಯೂ ರೈತನಿಗೆ ಬೆಲೆಯನ್ನು ನಿರಾಕರಿಸುವ ಈ ಅವಕಾಶವುಂಟು. ಹೀಗಾಗಿ ಇಲ್ಲಿ ಸುತ್ತಿಗೆಯನ್ನು ಹಿಡಿದಿರುವವನು ಅಧಿಕಾರಿಯೂ ಅಲ್ಲ, ಗಣಕಯಂತ್ರವೂ ಅಲ್ಲ. ತಲೆಗೆ ಟವಲು ಸುತ್ತಿ ಜಾಲರಿಯ ಪಕ್ಕದಲ್ಲಿ ನಿಂತಿರುವ ಬೆಳೆಗಾರನೇ. ಅವನು ‘ಆಗಲಿ’ ಎಂದು ಒಪ್ಪಿದ ಕ್ಷಣವೇ ಸುತ್ತಿಗೆ ಬಿದ್ದಂತೆ. ಅದಕ್ಕೆ ಮುಂಚೆ ರೀಲರು ಸರಿದುಕೊಂಡರೆ ಅದು ಕರಾರಿನ ಭಂಗವಲ್ಲ. ಅದರ ಬಳಿಕ ಸರಿದುಕೊಂಡರೆ ಭಂಗ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬಾಯಿ ಮಾತಿನ ಹರಾಜು ನಡೆಯುವಾಗಲೂ, ಗೌರಿಬಿದನೂರಿನ ವರ್ತಕನು ಮುಸುಕಿನ ಜೋಳದ ಲಾಟಿಗೆ ಪರದೆಯ ಮೇಲೆ ಬೆಲೆ ಬರೆಯುವಾಗಲೂ ನ್ಯಾಯ ಇದೇ.

ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಸವಾಲನ್ನು ಹಿಂದೆಗೆದುಕೊಳ್ಳಲು ಕಾನೂನು ಬಿಟ್ಟರೂ, ಹರಾಜಿಗೆ ಮುನ್ನ ಕಟ್ಟಿದ ಠೇವಣಿ ಉಳಿಯುವುದೆಂಬ ಭರವಸೆಯಿಲ್ಲ. ಹರಾಜಿನ ಷರತ್ತುಗಳಲ್ಲಿ ‘ಅವಧಿಗೆ ಮುಂಚೆ ಸವಾಲನ್ನು ಹಿಂತೆಗೆದರೆ ಠೇವಣಿ ಮುಟ್ಟುಗೋಲು’ ಎಂದಿದ್ದು, ಅದನ್ನೊಪ್ಪಿ ಭಾಗವಹಿಸಿದವನು ಹಿಂದೆ ಸರಿದರೆ ಮುಟ್ಟುಗೋಲು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಟೆಂಡರಿಗೆ ಸಂಬಂಧಿಸಿದ 2003ರ ತೀರ್ಪಿನಲ್ಲಿ ಹೇಳಿದೆ. ಷರತ್ತುಗಳ ಕೆಳಗೆ ‘ಒಪ್ಪಿದ್ದೇನೆ’ ಎಂಬ ಚೌಕಕ್ಕೆ ಗುರುತು ಹಾಕುವ ಮುನ್ನ ಆ ಪುಟವನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ!

ಇನ್ನು ಒಪ್ಪಿಗೆ ಬಿದ್ದ ಮೇಲಿನ ಮಾತು. ನಷ್ಟವನ್ನು ಹೇಗೆ ಅಳೆಯುತ್ತಾರೆಂಬುದನ್ನು ಕಲ್ಪಿತವಾದ ಒಂದು ಲಾಟಿನಿಂದ ತೋರಿಸುತ್ತೇನೆ. 60 ಕಿಲೋ ಗೂಡಿಗೆ ಕಿಲೋಗೆ 620 ರೂಪಾಯಿಯಂತೆ ಬೆಲೆ ನಿಂತಿತು; ರೈತನು ಒಪ್ಪಿದನು; ತೂಕಕ್ಕೆ ಎತ್ತುವ ಹೊತ್ತಿಗೆ ರೀಲರು ‘ಬೇಡ’ ಎಂದನು. ಅಂದಿನ ಹರಾಜು ಮುಗಿದುದರಿಂದ ಲಾಟು ರಾತ್ರಿಯೆಲ್ಲ ಉಳಿದು, ಮರುದಿನ ಒಂದೂವರೆ ಕಿಲೋ ಇಳಿದು, 570ಕ್ಕೆ ಮಾರಾಟವಾಯಿತು. ಮೊದಲಿನ ಕರಾರಿನಂತೆ ಬರಬೇಕಾದದ್ದು 37,200. ಕೈಗೆ ಬಂದದ್ದು 33,345. ಅಂತರ 3,855 ರೂಪಾಯಿ. ಇದರ ಮೇಲೆ ಒಂದು ರಾತ್ರಿ ಊರಿಗೆ ಮರಳದೆ ಉಳಿದ ಖರ್ಚು, ಕಾದು ನಿಂತ ಗಾಡಿಯ ಬಾಡಿಗೆ. ಭಾರತೀಯ ಕರಾರು ಕಾಯಿದೆಯ 73ನೆಯ ಕಲಮಿನ ಮೇರೆಗೆ, ಕರಾರು ಮುರಿದುದರಿಂದ ಸಹಜಕ್ರಮದಲ್ಲಿ ಉಂಟಾದ ಅಥವಾ ಕರಾರಿನ ವೇಳೆಯಲ್ಲಿಯೇ ಇಬ್ಬರಿಗೂ ತಿಳಿದಿರಬಹುದಾಗಿದ್ದ ನಷ್ಟವೆಲ್ಲವೂ ಮುರಿದವನ ಹೊಣೆ. ದೂರದ, ಪರೋಕ್ಷವಾದ ನಷ್ಟ ಅವನ ಹೊಣೆಯಲ್ಲ. ಸರಕು ಮಾರಾಟ ಕಾಯಿದೆಯ 56ನೆಯ ಕಲಂ, ಸರಕನ್ನು ಸ್ವೀಕರಿಸಲೊಪ್ಪದ ಗಿರಾಕಿಯ ಮೇಲೆ ಪರಿಹಾರದ ದಾವೆಯನ್ನು ಹೂಡುವ ಹಕ್ಕನ್ನು ಮಾರಾಟಗಾರನಿಗೆ ಪ್ರತ್ಯೇಕವಾಗಿಯೇ ಕೊಟ್ಟಿದೆ. ತೂಕ ಮುಗಿದು, ಅದು ಗಿರಾಕಿಗೆ ತಿಳಿದು, ಗೂಡಿನ ಒಡೆತನವೇ ಅವನಿಗೆ ಸಂದ ಮೇಲೆ ಅವನು ಹಣ ಕೊಡದೆ ಹೋದರೆ ಮಾತು ಇನ್ನೂ ಗಂಭೀರ. ಆಗ ಅಂತರವನ್ನಲ್ಲ, ಪೂರ್ತಿ ಬೆಲೆಯನ್ನೇ 55ನೆಯ ಕಲಮಿನನ್ವಯ ಕೇಳಬಹುದು. ತೂಗಿ ಬೆಲೆ ಕಟ್ಟಬೇಕಾದ ಸರಕಿನ ಒಡೆತನ ತೂಗುವವರೆಗೆ ಕೈಬದಲಾಗದೆಂಬ 22ನೆಯ ಕಲಮಿನ ನಿಯಮ, ಗೂಡಿನ ಮಾರುಕಟ್ಟೆಯ ತಕ್ಕಡಿಗೆ ಇಷ್ಟು ದೊಡ್ಡ ಅರ್ಥವನ್ನು ತಂದುಕೊಟ್ಟಿದೆ.

ಆದರೆ ಗೂಡಿನ ವಿಷಯದಲ್ಲಿ ಕಾಲವೆಂಬುದು ಬರಿಯ ಲೆಕ್ಕದ ಮಾತಲ್ಲ. ಹುಳು ಚಂದ್ರಿಕೆಯೆಂಬ ತಟ್ಟೆಯ ಮೇಲೆ ಗೂಡು ಕಟ್ಟಿ ಐದಾರು ದಿನಗಳಾದ ಮೇಲೆ ರೈತನು ಬಿಡಿಸಿ ತರುತ್ತಾನೆ; ಎರಡು ವಾರದ ಆಸುಪಾಸಿನಲ್ಲಿ ಚಿಟ್ಟೆ ಗೂಡನ್ನು ತೂತಿಟ್ಟು ಹೊರಬರುತ್ತದೆ; ತೂತು ಬಿದ್ದ ಗೂಡಿನಿಂದ ಅಖಂಡವಾದ ಎಳೆ ಬಿಚ್ಚಿಬರುವುದಿಲ್ಲ. ಈ ನಡುವಣ ಕೆಲವೇ ದಿನಗಳು ಮಾತ್ರ ರೈತನ ಕೈಯಲ್ಲಿರುವುವು. ಅವುಗಳಲ್ಲಿ ಒಂದನ್ನು ಸವಾಲುಗಾರನ ಚಂಚಲತೆ ನುಂಗಿಹಾಕಿದರೆ, ತಿಂಗಳಿಗೆ ಹತ್ತಿರವಾದಷ್ಟು ಕಾಲ ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳುವನ್ನು ಸಾಕಿದ ಮನೆಯ ಹೆಂಗಸರ ದುಡಿಮೆಯ ಒಂದು ಪಾಲು ಅದರೊಡನೆ ಹೋಗುತ್ತದೆ. ಇದನ್ನು ಕಾನೂನು ಕಂಡಿಲ್ಲವೆಂದಲ್ಲ. ಹಣ ಸಲ್ಲದ ಮಾರಾಟಗಾರನು ಸಾಮಾನ್ಯವಾಗಿ ಮೊದಲ ಗಿರಾಕಿಗೆ ತಿಳಿವಳಿಕೆ ಕೊಟ್ಟು, ನ್ಯಾಯವಾದಷ್ಟು ಕಾಲ ಕಾದು, ಆಮೇಲೆ ಮರುಮಾರಾಟ ಮಾಡಬೇಕು. ಸರಕು ಬೇಗ ಕೆಡುವ ಸ್ವಭಾವದ್ದಾದರೆ ತಿಳಿವಳಿಕೆಗೂ ಕಾಯಬೇಕಾಗಿಲ್ಲವೆಂದು ಸರಕು ಮಾರಾಟ ಕಾಯಿದೆಯ 54ನೆಯ ಕಲಂ ಹೇಳುತ್ತದೆ. ಗೂಡಿಗೂ ಟೊಮೆಟೊವಿಗೂ ಚಿಕ್ಕಬಳ್ಳಾಪುರದ ಹೂವಿಗೂ ಈ ವಿನಾಯಿತಿ ಅನ್ವಯಿಸುವುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಇದರ ಮತ್ತೊಂದು ಮುಖವನ್ನೂ ರೈತನು ಮರೆಯಕೂಡದು: ನಷ್ಟವನ್ನು ತಗ್ಗಿಸಲು ತನ್ನ ಕೈಲಾದುದನ್ನು ಮಾಡುವುದು ಅವನ ಕರ್ತವ್ಯ. ‘ಅವನೇ ಕೊಳ್ಳಲಿ’ ಎಂಬ ಹಟದಿಂದ ಚಿಟ್ಟೆ ಹೊರಬರುವ ತನಕ ಲಾಟನ್ನು ಹಾಗೆಯೇ ಬಿಟ್ಟವನಿಗೆ ನ್ಯಾಯಾಲಯವು ಪೂರ್ತಿ ಪರಿಹಾರ ಕೊಡಲಾರದು. ಅಂದೇ ಎರಡನೆಯ ಹರಾಜಿಗೆ ಅವಕಾಶವಿದ್ದರೆ ಅಂದೇ ಇಡಿಸುವುದು ಕ್ಷೇಮ.

ನ್ಯಾಯಾಲಯಕ್ಕಿಂತ ಮೊದಲೇ ಬಂದು ತಟ್ಟುವುದು ಪರವಾನಗಿಯ ಪ್ರಶ್ನೆ. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸುವ 1959ರ ರಾಜ್ಯ ಕಾಯಿದೆಯ ಮೇರೆಗೆ ರೀಲರಿಗೆ ಪರವಾನಗಿಯಿಲ್ಲದೆ ಗೂಡು ಕೊಳ್ಳುವ ಹಾಗಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಅಡಿಯಲ್ಲಿ ಎ.ಪಿ.ಎಂ.ಸಿ. ಪ್ರಾಂಗಣದ ವರ್ತಕನಿಗೂ ಹಾಗೆಯೇ. ಪರವಾನಗಿಯ ಷರತ್ತನ್ನು ಮುರಿದವನ ಪರವಾನಗಿಯನ್ನು ಅಮಾನತಿನಲ್ಲಿಡುವ, ರದ್ದುಗೊಳಿಸುವ ಅಧಿಕಾರವು ಕಾನೂನಿನಲ್ಲಿದೆ. ಮೂರು ಸಾವಿರದ ಎಂಟುನೂರು ಚಿಲ್ಲರೆ ರೂಪಾಯಿಯ ಅಂತರಕ್ಕಾಗಿ ಹರಾಜಿನಿಂದ ಸರಿದ ರೀಲರೊಬ್ಬನಿಗೆ ಆ ಅಂತರವು ದೊಡ್ಡ ದಂಡವಲ್ಲದಿರಬಹುದು. ವಾರವೆರಡು ವಾರ ಗೂಡಿಲ್ಲದೆ ನೂಲು ತೆಗೆಯುವ ಬೇಸಿನ್ನು ತಣ್ಣಗಾಗಿ, ಅದನ್ನೇ ನೆಚ್ಚಿದ ಕೂಲಿಕಾರರು ಬೇರೆಡೆಗೆ ಹೋಗುವುದೇ ಅವನಿಗೆ ನಿಜವಾದ ದಂಡ.

ಹಿಂದೆ ಸರಿಯುವವರು ಸಾಮಾನ್ಯವಾಗಿ ಹೇಳುವ ಕಾರಣವೊಂದುಂಟು: ‘ಬೆರಳು ಜಾರಿತು ಗೌಡ್ರೇ, ಐದರ ಬದಲು ಎಂಟು ಬಿತ್ತು.’ ಈ ಮಾತು ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ಒಬ್ಬನ ತಪ್ಪು ತಿಳಿವಳಿಕೆಯಿಂದ ಮಾತ್ರವೇ ಕರಾರು ರದ್ದಾಗದೆಂದು ಕರಾರು ಕಾಯಿದೆಯ 22ನೆಯ ಕಲಂ ಹೇಳುತ್ತದೆ. ಇಬ್ಬರೂ ಮುಖ್ಯವಾದ ಸಂಗತಿಯೊಂದರ ವಿಷಯದಲ್ಲಿ ತಪ್ಪಿದ್ದರೆ ಮಾತ್ರ 20ನೆಯ ಕಲಮಿನಂತೆ ಅದು ಶೂನ್ಯ. ಗಣಕಯಂತ್ರದ ದೋಷದಿಂದ ತನ್ನ ಟೆಂಡರಿನ ಅಂಕಿಗಳು ತಪ್ಪಿದವೆಂದು, ಅವನ್ನು ತಿದ್ದಲು ಬಿಡಬೇಕೆಂದು ಗುತ್ತಿಗೆದಾರ ಸಂಸ್ಥೆಯೊಂದು ಪಶ್ಚಿಮ ಬಂಗಾಳದ ವಿದ್ಯುಚ್ಛಕ್ತಿ ಮಂಡಲಿಯ ವಿರುದ್ಧ ಕೇಳಿಕೊಂಡಾಗ, ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆ ಪ್ರಾರ್ಥನೆಯನ್ನು ಮನ್ನಿಸಲಿಲ್ಲ. ಆದರೂ, ಆರು ನೂರೈವತ್ತರ ಗೂಡಿಗೆ ಆರು ಸಾವಿರದ ಐನೂರು ಬಿದ್ದುದನ್ನು ಕಂಡು, ಅದು ಸೊನ್ನೆಯ ತಪ್ಪೆಂದು ತಿಳಿದಿದ್ದೂ ‘ಒಪ್ಪಿದೆ’ ಎನ್ನುವ ಮಾರಾಟಗಾರನಿಗೆ ನ್ಯಾಯಾಲಯವು ಒಲಿಯುವುದೆಂದು ನಂಬಲಾಗದು. ಮತ್ತೊಬ್ಬನ ಪ್ರಕಟವಾದ ತಪ್ಪನ್ನು ಅರಿತೇ ಬಾಚಿಕೊಂಡವನ ಪಕ್ಷವನ್ನು ನ್ಯಾಯವು ವಹಿಸದು. ತಪ್ಪು ಬಿದ್ದವನು ಮಾಡಬೇಕಾದದ್ದು ಒಂದೇ: ರೈತನ ಒಪ್ಪಿಗೆ ಬೀಳುವ ಮುನ್ನವೇ, ಓಡಿ ಹೋಗಿಯಾದರೂ, ಮಾರುಕಟ್ಟೆಯ ಅಧಿಕಾರಿಗೆ ತಿಳಿಸಿ ಬರೆದುಕೊಡುವುದು. ಮೊಬೈಲನ್ನೂ ಗುಪ್ತಪದವನ್ನೂ ಆಳಿನ ಕೈಗೆ ಕೊಟ್ಟು ಚಹಾ ಕುಡಿಯಲು ಹೋದವನು ಅನಂತರ ‘ಒತ್ತಿದವನು ನಾನಲ್ಲ’ ಎಂದರೆ ನಡೆಯದು. ಅಧಿಕಾರ ಕೊಟ್ಟವನೇ ಹೊಣೆಗಾರನು.

ಕೊಳ್ಳುವವನು ನ್ಯಾಯವಾಗಿಯೇ ಹಿಂದೆ ಸರಿಯಬಹುದಾದ ಸಂದರ್ಭಗಳೂ ಇವೆ. ಅವನ್ನು ಮುಚ್ಚಿಟ್ಟರೆ ಈ ಲೇಖನವು ಒಂದೇ ಕಣ್ಣಿನದಾಗುತ್ತದೆ. ಜಾಲರಿಯ ಮೇಲ್ಪದರದಲ್ಲಿ ಒಳ್ಳೆಯ ಗೂಡನ್ನು ಹರವಿ, ತಳದಲ್ಲಿ ಕಲೆಬಿದ್ದದ್ದನ್ನೂ ಜೋಡಿಗೂಡನ್ನೂ ಅಡಗಿಸಿದ್ದರೆ ಅದು ವಂಚನೆ. ಕರಾರು ಕಾಯಿದೆಯ 19ನೆಯ ಕಲಮಿನಂತೆ ಅಂಥ ಕರಾರನ್ನು ರದ್ದುಪಡಿಸುವುದು ಮೋಸಹೋದವನ ಇಚ್ಛೆಗೆ ಸೇರಿದ್ದು. ಮಾದರಿ ತೋರಿಸಿ ಮಾರಿದ ಸರಕು ಮಾದರಿಯಂತಿರದಿದ್ದರೂ ಅವನು ತಿರಸ್ಕರಿಸಬಹುದು. ಮಾರುವವನೇ ತನ್ನವರ ಮೂಲಕ ಸುಳ್ಳು ಸವಾಲು ಹಾಕಿಸಿ ಬೆಲೆಯನ್ನು ಏರಿಸಿದ್ದು ಬಯಲಾದರೆ, ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನ ಕೊನೆಯ ಭಾಗದಂತೆ ಮಾರಾಟವನ್ನು ಒಪ್ಪದಿರುವ ಆಯ್ಕೆ ಗಿರಾಕಿಯದು. ಕೊಳ್ಳುವವರೇ ಒಳಗೊಳಗೆ ಕೂಡಿಕೊಂಡು ಬೆಲೆಯನ್ನು ಅದುಮಿದರೆ ಅದು 2002ರ ಸ್ಪರ್ಧಾ ಕಾಯಿದೆಯ ಕಣ್ಣಿನಲ್ಲಿ ಅಪರಾಧಸದೃಶವಾದ ಅಕ್ರಮ. ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಕೈಯಲ್ಲಿ ಹಿಡಿಯಬಹುದಾದ ಸರಕಿನ ಮಾತು. ಸ್ಥಿರಾಸ್ತಿಯ ಆನ್‌ಲೈನ್ ಹರಾಜಿನ ಕಥೆ ಬೇರೆ, ಇನ್ನೂ ಕಠಿಣ. ಗೌರಿಬಿದನೂರಿನ ಅಂಗಡಿಯನ್ನೋ ಚಿಕ್ಕಬಳ್ಳಾಪುರದ ಮನೆಯನ್ನೋ ಬ್ಯಾಂಕು ಸಾಲದ ಬಾಕಿಗಾಗಿ 2002ರ ಸರ್ಫೇಸಿ ಕಾಯಿದೆಯಂತೆ ಹರಾಜಿಗಿಟ್ಟಾಗ (ವ್ಯವಸಾಯದ ಜಮೀನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ), ಗೆದ್ದವನು ಬೆಲೆಯ ಶೇಕಡಾ 25ನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಮಿಕ್ಕ 75ನ್ನು ಮಾರಾಟ ಸ್ಥಿರಪಟ್ಟ ಹದಿನೈದು ದಿನಗಳೊಳಗೆ, ಅಥವಾ ಬರೆಹದ ಮೂಲಕ ಒಪ್ಪಿಕೊಂಡ, ಮೂರು ತಿಂಗಳು ಮೀರದ ಅವಧಿಯೊಳಗೆ ಸಲ್ಲಿಸಬೇಕು. ತಪ್ಪಿದರೆ ಕಟ್ಟಿದ ಹಣವೆಲ್ಲ ಮುಟ್ಟುಗೋಲು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಹರಾಜೊಂದರಲ್ಲಿ 12.27 ಕೋಟಿ ರೂಪಾಯಿಗೆ ಸವಾಲು ಗೆದ್ದವನೊಬ್ಬನು ಕಾಲು ಭಾಗವನ್ನು ಕಟ್ಟಿ, ಉಳಿದುದನ್ನು ಹೊಂದಿಸಲಾರದೆ ಹೋದನು. ಮರುಹರಾಜಿನಲ್ಲಿ ಬ್ಯಾಂಕಿಗೆ ಹೆಚ್ಚಿನ ಬೆಲೆಯೇ ಬಂದಿದ್ದುದರಿಂದ ಅಷ್ಟು ಹಣವನ್ನು ಇಟ್ಟುಕೊಳ್ಳುವುದು ಅನ್ಯಾಯವೆಂದು ಮದ್ರಾಸ್ ಉಚ್ಚ ನ್ಯಾಯಾಲಯವು ಭಾವಿಸಿತು. 2024ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಇದು ನಿಯಮವೇ ವಿಧಿಸಿದ ಮುಟ್ಟುಗೋಲಾದುದರಿಂದ ಕರಾರು ಕಾಯಿದೆಯ 73, 74ನೆಯ ಕಲಮುಗಳ ನಷ್ಟದ ಲೆಕ್ಕಾಚಾರ ಇಲ್ಲಿ ಅನ್ವಯಿಸದೆಂದು ತೀರ್ಮಾನಿಸಿತು.

ಇದರ ಪಕ್ಕದಲ್ಲಿ 2015ರ ಮತ್ತೊಂದು ತೀರ್ಪನ್ನು ಇಟ್ಟು ನೋಡಬೇಕು. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1982ರಲ್ಲಿ ಹರಾಜು ಹಾಕಿದ ನಿವೇಶನವೊಂದಕ್ಕೆ 3.12 ಕೋಟಿ ಕೂಗಿದ ಸಂಸ್ಥೆ 78 ಲಕ್ಷ ಕಟ್ಟಿತ್ತು. ವರ್ಷಗಟ್ಟಲೆ ಪತ್ರವ್ಯವಹಾರ ನಡೆದು, ಆ ಹಣವನ್ನು ಪ್ರಾಧಿಕಾರವು ಮುಟ್ಟುಗೋಲು ಹಾಕಿಕೊಂಡು, 1994ರಲ್ಲಿ ಅದೇ ನಿವೇಶನವನ್ನು 11.78 ಕೋಟಿಗೆ ಮಾರಿತು. ಕೊಂಡವನು ಕರಾರನ್ನು ಮುರಿದೇ ಇಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿಲ್ಲ; ಹೀಗಿರುವಾಗ ಠೇವಣಿಯನ್ನು ನುಂಗಲು 74ನೆಯ ಕಲಂ ಬಿಡದು ಎಂದು ಹೇಳಿ, ಶೇಕಡಾ 9ರ ಬಡ್ಡಿಯೊಡನೆ ಹಣವನ್ನು ಹಿಂದಿರುಗಿಸಲು ನ್ಯಾಯಾಲಯವು ಆಜ್ಞಾಪಿಸಿತು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದಿಷ್ಟು: ಮುಟ್ಟುಗೋಲಿನ ಮೂಲವು ಬರಿಯ ಕರಾರಿನ ಷರತ್ತಾಗಿದ್ದರೆ ನಷ್ಟದ ಪ್ರಶ್ನೆ ಎತ್ತಬಹುದು, ಮೂಲವು ಶಾಸನದ ನಿಯಮವೇ ಆಗಿದ್ದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಸಾಲ ಮಂಜೂರಾಗುವುದೆಂಬ ಆಸೆಯೊಂದನ್ನೇ ನೆಚ್ಚಿ ಬ್ಯಾಂಕಿನ ಹರಾಜಿಗೆ ಇಳಿಯಬೇಡಿರೆಂದು ನಾನು ನನ್ನ ನಂಟರಿಷ್ಟರಿಗೆಲ್ಲ ಕೈಮುಗಿದು ಹೇಳುವುದು ಈ ಕಾರಣದಿಂದಲೇ.

ಬಂಧನ ಉಂಟಾದ ಮೇಲೆ ಅದು ಎರಡು ಕಡೆಗೂ ಬಂಧನ. ಆಸ್ಟ್ರೇಲಿಯದಲ್ಲಿ ಹಳೆಯ ವಿಮಾನವೊಂದನ್ನು ಇಬೇ ಜಾಲತಾಣದಲ್ಲಿ ಹರಾಜಿಗಿಟ್ಟು, ಒಂದೂವರೆ ಲಕ್ಷ ಡಾಲರಿನ ಸವಾಲು ಗೆದ್ದ ಬಳಿಕ ಬೇರೊಬ್ಬನಿಗೆ ಹೆಚ್ಚಿನ ಬೆಲೆಗೆ ಮಾರಲು ಹೊರಟವನಿಗೆ, ವಿಮಾನವನ್ನು ಗೆದ್ದವನಿಗೇ ಒಪ್ಪಿಸಬೇಕೆಂದು ನ್ಯೂ ಸೌತ್ ವೇಲ್ಸಿನ ನ್ಯಾಯಾಲಯವು 2007ರಲ್ಲಿ ಆದೇಶಿಸಿತು. ಬೆಲೆಗೆ ಒಪ್ಪಿದ ಮೇಲೆ ಬೇರೆ ರೀಲರು ಹತ್ತು ರೂಪಾಯಿ ಹೆಚ್ಚು ಕೊಡುವೆನೆಂದರೂ ನಮ್ಮ ರೈತನು ಆಡಿದ ಮಾತಿಗೆ ಕಟ್ಟುಬಿದ್ದವನೇ.

ಪೋಲೀಸು ಠಾಣೆಯ ಮಾತು ಈ ವಿಷಯದಲ್ಲಿ ಅನಾವಶ್ಯಕವಾಗಿ ಕೇಳಿಬರುತ್ತದೆ. ಕರಾರನ್ನು ಮುರಿಯುವುದು ತಾನಾಗಿಯೇ ಅಪರಾಧವಲ್ಲ. ಸವಾಲು ಹಾಕುವ ಗಳಿಗೆಯಲ್ಲಿಯೇ ಹಣ ಕೊಡುವ ಉದ್ದೇಶವಿಲ್ಲದೆ ಮೋಸಗೊಳಿಸುವ ಮನಸ್ಸಿತ್ತೆಂದು ತೋರಿಸಲು ಸಾಧ್ಯವಾದಾಗ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯ ಪ್ರಶ್ನೆ ಹುಟ್ಟುತ್ತದೆ. ಬೆಲೆ ಇಳಿಯಿತೆಂದೋ ಕೈಯಲ್ಲಿ ಹಣವಿಲ್ಲವೆಂದೋ ಹಿಂದೆ ಸರಿದವನನ್ನು ಠಾಣೆಗೆ ಎಳೆಯುವುದರಿಂದ ರೈತನಿಗೆ ಹಣವೂ ಬಾರದು, ಕಾಲವೂ ಉಳಿಯದು.

ಹಾಗಾದರೆ ಮಾಡತಕ್ಕದ್ದೇನು? ಸರಿಯಲೇಬೇಕಾದ ದುರವಸ್ಥೆಗೆ ಸಿಕ್ಕಿದ ಸವಾಲುಗಾರನು ತಲೆಮರೆಸಿಕೊಳ್ಳದೆ, ಕೂಡಲೇ ಅಧಿಕಾರಿಗೂ ರೈತನಿಗೂ ತಿಳಿಸಿ, ಮರುಹರಾಜಿನಲ್ಲಿ ಬೀಳುವ ಅಂತರವನ್ನು ತಾನು ತುಂಬಿಕೊಡುವೆನೆಂದು ಬರೆದುಕೊಡುವುದು ಮಾನವೂ ಹೌದು, ಕಡಮೆ ಖರ್ಚಿನ ದಾರಿಯೂ ಹೌದು; ಗಂಟೆಗಳು ಕಳೆದಷ್ಟೂ ತೂಕ ಇಳಿಯುವುದು, ಅಂತರ ಏರುವುದು. ರೈತನು ಲಾಟಿನ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಬೆಲೆಯನ್ನು ತಿಳಿಸುವ ಸಂದೇಶವನ್ನು ಅಳಿಸದೆ, ಗಿರಾಕಿ ನಿರಾಕರಿಸಿದನೆಂಬುದನ್ನು ಅಂದೇ ಅಧಿಕಾರಿಗೆ ಬರೆದುಕೊಟ್ಟು ಅದರ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಎರಡನೆಯ ಮಾರಾಟದ ತೂಕದ ಚೀಟಿಯನ್ನೂ ಅದರೊಡನೆ ಲಗತ್ತಿಸಿಟ್ಟರೆ ಅವನ ದಾವೆಯ ಮುಕ್ಕಾಲು ಪಾಲು ಅಲ್ಲಿಗೇ ಸಿದ್ಧವಾದಂತೆ. ಮೊಬೈಲಿನ ಸಂದೇಶವನ್ನೋ ಗಣಕದ ದಾಖಲೆಯನ್ನೋ ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ವಕೀಲರು ಕೇಳುವ ಮೊದಲ ಕಾಗದವೇ ಅದು.

ಕರಾರು ಮುರಿದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆದರೆ ಮೂರು ನಾಲ್ಕು ಸಾವಿರ ರೂಪಾಯಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿಳಿಯುವುದು ಯಾರಿಗೂ ಲಾಭದ ಮಾತಲ್ಲವಾದುದರಿಂದ, ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಮೇಲು. ಇಬ್ಬರೂ ಒಪ್ಪಿ ಅಲ್ಲಿ ಆದ ತೀರ್ಮಾನಕ್ಕೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಹೆಂಗಸರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಈ ಕಾಯಿದೆಯ ಅಡಿಯಲ್ಲಿ ವಕೀಲರ ನೆರವು ಉಚಿತವಾಗಿಯೇ ದೊರೆಯುವುದರಿಂದ, ಹುಳುಮನೆಯನ್ನು ನಡೆಸುವ ಹೆಣ್ಣುಮಗಳು ಲಾಟನ್ನು ತನ್ನ ಹೆಸರಿನಲ್ಲಿಯೇ ಬರೆಸುವುದೊಳ್ಳೆಯದು. ಚೀಟಿಯ ಮೇಲೆ ಅವಳ ಹೆಸರಿದ್ದರೆ ಅರ್ಜಿಯ ಮೇಲೆಯೂ ಅವಳ ಹೆಸರೇ ಇರುತ್ತದೆ.